ಮೇದಾಮ್ಲಗಳನ್ನು ತಯಾರಿಸುವ ಬ್ಯಾಕ್ಟೀರಿಯಗಳೂ ಮುಳ್ಳೂರು ಸೀಮೆಯ ಬೇಸಾಯವೂ

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಗ್ರಾಮವು ಕಾವೇರಿ ನದಿಯ ದಡದಲ್ಲಿರುವುದು. ನದಿಯಿಂದ ಬೆಳೆ ಬರುವಂತೆಯೇ, 2018 ಮತ್ತು 2019ನೆಯ ಇಸವಿಗಳಲ್ಲಾದಂತೆ ನದಿಯು ಉಕ್ಕಿದಾಗ ಬೆಳೆ ಹೋಗುವುದೂ ಉಂಟು. ಬರುವುದನ್ನೂ ಹೋಗುವುದನ್ನೂ ಕೂಡಿ ಕಳೆದು ನೋಡುವ ಅಭ್ಯಾಸವು ಆದುದರಿಂದ ಇಲ್ಲಿಯ ಬೇಸಾಯಗಾರರಿಗೆ ಹೊಸದಲ್ಲ. ಗಾಣವೂ ಬೀಜವೂ ಇಲ್ಲದೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳಿಂದ ಎಣ್ಣೆಯ ಸಾರವನ್ನು ಪಡೆಯುವ ಒಂದು ಹೊಸ ವಿದ್ಯೆಯು ಈಚೆಗೆ ಬೆಳೆದುಬಂದಿದೆ. ಅದನ್ನು ಈ ಸೀಮೆಯ ಬೇಸಾಯಗಾರನ ಕೂಡುಕಳೆಯುವ ಲೆಕ್ಕಕ್ಕೇ ಒಳಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಎಣ್ಣೆಯ ಉಪಯೋಗವು ಬಹು ಬಗೆಯದು. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳ ಎಣ್ಣೆಯು ಅಡಿಗೆಗೆ ಬರುವುದು. ಹರಳೆಣ್ಣೆಯು ದೀಪಕ್ಕೂ, ಮಕ್ಕಳ ನೆತ್ತಿಗೂ, ಗಾಡಿಯ ಅಚ್ಚಿಗೂ ಆಗುತ್ತಿತ್ತು. ಕೊಬ್ಬರಿ ಎಣ್ಣೆಯು ತಲೆಗೂ ಸಾಬೂನಿಗೂ ಸಲ್ಲುವುದು. ಹೀಗಿರುವಲ್ಲಿ, ಕಾರ್ಖಾನೆಯ ಕೊಪ್ಪರಿಗೆಯಲ್ಲಿ ಸೂಕ್ಷ್ಮಜೀವಿಗಳೇ ಈ ಪದಾರ್ಥಗಳನ್ನು ತಯಾರಿಸತೊಡಗಿದರೆ ತೆಂಗು, ಹರಳು, ಕಡಲೆಕಾಯಿಗಳನ್ನು ಬೆಳೆಯುವವನ ಗತಿಯೇನು ಎಂಬ ಪ್ರಶ್ನೆ ಏಳುವುದು ಸಹಜವೇ. ಇದಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ಬ್ಯಾಕ್ಟೀರಿಯವು ಈ ಕೆಲಸವನ್ನು ಹೇಗೆ ಮಾಡುವುದೆಂಬುದನ್ನು ಮೊದಲು ತಿಳಿಯಬೇಕು.

ಮೇದಾಮ್ಲವೆಂದರೇನು?

ಎಣ್ಣೆ, ಬೆಣ್ಣೆ, ಕೊಬ್ಬು ಇವೆಲ್ಲವೂ ಒಂದೇ ರೀತಿಯ ರಚನೆಯುಳ್ಳ ಪದಾರ್ಥಗಳು. ಗ್ಲಿಸರಿನ್ ಎಂಬ ಸಣ್ಣ ಅಣುವಿಗೆ ಮೂರು ಉದ್ದವಾದ ಸರಪಣಿಗಳು ಅಂಟಿಕೊಂಡು ಎಣ್ಣೆಯಾಗಿರುತ್ತದೆ. ಈ ಸರಪಣಿಗಳಿಗೆ ಮೇದಾಮ್ಲಗಳು, ಎಂದರೆ ಜಿಡ್ಡಿನ ಆಮ್ಲಗಳು, ಎಂದು ಹೆಸರು. ಕೊಬ್ಬಿನ ಈ ರಚನೆಯನ್ನು ಫ್ರಾನ್ಸ್ ದೇಶದ ರಸಾಯನ ಶಾಸ್ತ್ರಜ್ಞನಾದ ಷೆವ್ರೂಲನು ವಿಶದಪಡಿಸಿ, 1823ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಎಣ್ಣೆಗೆ ಕ್ಷಾರವನ್ನು ಸೇರಿಸಿ ಕುದಿಸಿದರೆ ಗ್ಲಿಸರಿನ್ ಬೇರೆಯಾಗಿ, ಮೇದಾಮ್ಲವು ಕ್ಷಾರದೊಡನೆ ಕೂಡಿ ಸಾಬೂನಾಗುವುದು. ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಕೈಗಾರಿಕೆಗೂ ಈ ಕ್ರಿಯೆಯೇ ತಳಹದಿ.

ಸರಪಣಿಯ ಉದ್ದದ ಮೇಲೆಯೂ ಅದರ ಕೊಂಡಿಗಳ ಜೋಡಣೆಯ ಮೇಲೆಯೂ ಎಣ್ಣೆಯ ಗುಣವು ನಿಂತಿರುವುದು. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವು 12 ಇಂಗಾಲಗಳ ಲಾರಿಕ್ ಆಮ್ಲವಾಗಿರುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಚೆನ್ನಾಗಿ ನೊರೆ ಕೊಡುವುದು ಇದರಿಂದಲೇ. ಕಡಲೆಕಾಯಿ ಎಣ್ಣೆಯಲ್ಲಿ 18 ಇಂಗಾಲಗಳ ಓಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳು ಮುಖ್ಯವಾದುವು. ಹುಚ್ಚೆಳ್ಳಿನಲ್ಲಿ ಲಿನೋಲಿಯಿಕ್ ಆಮ್ಲದ್ದೇ ಹೆಚ್ಚಳ. ಹರಳೆಣ್ಣೆಯಲ್ಲಾದರೋ ನೂರಕ್ಕೆ ಎಂಬತ್ತೈದಕ್ಕಿಂತಲೂ ಮಿಕ್ಕಿ ರಿಸಿನೋಲಿಯಿಕ್ ಎಂಬ ವಿಶೇಷ ಆಮ್ಲವಿರುವುದು. ಈ ಆಮ್ಲದ ಸರಪಣಿಯ ನಡುವೆ ಆಮ್ಲಜನಕವೂ ಜಲಜನಕವೂ ಕೂಡಿದ ಒಂದು ಗುಂಪು ಸೇರಿಕೊಂಡಿರುವುದರಿಂದಲೇ ಹರಳೆಣ್ಣೆಯು ಮಂದವಾಗಿದ್ದು ಅಚ್ಚಿಗೆ ಅಂಟಿ ನಿಲ್ಲುವುದು. ಸಾಬೂನು, ಬಣ್ಣ, ಯಂತ್ರದ ಎಣ್ಣೆ, ಔಷಧ, ಸುಗಂಧದ್ರವ್ಯ ಮೊದಲಾದ ಕೈಗಾರಿಕೆಗಳಿಗೆ ಬೇಕಾದುದು ಬರಿಯ ಎಣ್ಣೆಯಲ್ಲ, ಇಂಥ ಇಂಥ ಉದ್ದದ ಇಂಥ ಇಂಥ ಮೇದಾಮ್ಲ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಬ್ಯಾಕ್ಟೀರಿಯಕ್ಕೆ ಜಿಡ್ಡೇಕೆ?

ಬ್ಯಾಕ್ಟೀರಿಯವು ಒಂದೇ ಕೋಶದ ಜೀವಿ. ಹಾಲನ್ನು ಮೊಸರಾಗಿಸುವುದೂ, ದ್ವಿದಳ ಧಾನ್ಯದ ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದೂ ಈ ವರ್ಗದ ಜೀವಿಗಳೇ ಎಂಬುದು ರೈತರಿಗೆ ತಿಳಿದ ವಿಷಯ. ಪ್ರಕೃತ ವಿಷಯಕ್ಕೆ ಹೆಚ್ಚಾಗಿ ಬಳಸಲ್ಪಡುವುದು ಎಷರಿಷಿಯ ಕೋಲಿ ಎಂಬುದು. ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ವಾಸಿಸುವ ಇದನ್ನು 1885ರಲ್ಲಿ ಎಷರಿಷ್ ಎಂಬ ವೈದ್ಯನು ವರ್ಣಿಸಿದನು. ಇದರ ಕೆಲವು ಜಾತಿಗಳು ರೋಗಕಾರಕಗಳಾದರೂ, ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಜಾತಿಗಳು ನಿರಪಾಯಕರವಾದುವು. ಆಹಾರವೂ ಬಿಸುಪೂ ಅನುಕೂಲವಾಗಿದ್ದರೆ ಇದು ಸುಮಾರು 20 ನಿಮಿಷಗಳಿಗೊಮ್ಮೆ ಒಂದು ಎರಡಾಗಿ ವೃದ್ಧಿಯಾಗುವುದು.

ಈ ಜೀವಿಯ ಕೋಶವನ್ನು ಸುತ್ತಿರುವ ಪೊರೆಯು ಜಿಡ್ಡಿನಿಂದ ಆದುದು. ಒಂದು ಎರಡಾಗುವಾಗಲೆಲ್ಲ ಹೊಸ ಪೊರೆ ಬೇಕಾಗುವುದರಿಂದ, ಬ್ಯಾಕ್ಟೀರಿಯವು ಸಕ್ಕರೆಯನ್ನು ತಿಂದು ಮೇದಾಮ್ಲಗಳನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ಸಕ್ಕರೆಯು ಮೊದಲು ಎರಡು ಇಂಗಾಲಗಳ ತುಂಡುಗಳಾಗಿ ಒಡೆಯುವುದು. ಆ ತುಂಡುಗಳು ಒಂದು ವಾಹಕ ಪ್ರೋಟೀನಿನ ಮೇಲೆ ಕೂತು, ಒಂದರ ಮುಂದೊಂದು ಜೋಡಣೆಯಾಗುತ್ತ, ಎರಡು, ನಾಲ್ಕು, ಆರು ಎಂದು ಸರಪಣಿಯು ಬೆಳೆದು 16 ಅಥವಾ 18 ಇಂಗಾಲಗಳಿಗೆ ಮುಟ್ಟುವುದು. ಪ್ರತಿಯೊಂದು ಸುತ್ತಿನಲ್ಲಿಯೂ ಜೋಡಿಸುವುದಕ್ಕೆ ಒಂದು, ಜಲಜನಕವನ್ನು ಸೇರಿಸುವುದಕ್ಕೆ ಒಂದು, ನೀರನ್ನು ತೆಗೆಯುವುದಕ್ಕೆ ಒಂದು, ಮರಳಿ ಜಲಜನಕವನ್ನು ಸೇರಿಸುವುದಕ್ಕೆ ಒಂದು, ಹೀಗೆ ನಾಲ್ಕು ಕಿಣ್ವಗಳು ಕೆಲಸ ಮಾಡುವುವು. ಯಾವ ಕಿಣ್ವ ಹೇಗಿರಬೇಕೆಂಬ ಆಜ್ಞೆಯು ಕೋಶದೊಳಗಿನ ವಂಶವಾಹಿಯಲ್ಲಿ ಅಡಕವಾಗಿರುತ್ತದೆ. ಒಂದು ವಂಶವಾಹಿಯನ್ನು ಸೇರಿಸುವುದರಿಂದಲೋ ತೆಗೆಯುವುದರಿಂದಲೋ ಬ್ಯಾಕ್ಟೀರಿಯದ ಕಸುಬನ್ನೇ ಬದಲಾಯಿಸುವ ವಿದ್ಯೆಗೆ ವಂಶವಾಹಿ ತಂತ್ರವೆಂದು ಹೆಸರು. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಇನ್ಸುಲಿನ್ ಔಷಧವು 1982ರಿಂದ ಈ ಕ್ರಮದಲ್ಲಿ ತಯಾರಾಗಿ ಮಾರಾಟಕ್ಕೆ ಬಂದಿತು.

ರೇಷ್ಮೆ ಗೂಡಿನ ದೃಷ್ಟಾಂತ

ಕೊಳ್ಳೇಗಾಲ, ಮಾಂಬಳ್ಳಿಗಳು ಬಹುಕಾಲದಿಂದ ರೇಷ್ಮೆಗೆ ಹೆಸರಾದ ಊರುಗಳು. ಆದುದರಿಂದ ಮುಂದಿನ ವಿಷಯವನ್ನು ತಿಳಿಯಲು ಈ ಸೀಮೆಯವರಿಗೆ ದೂರದ ದೃಷ್ಟಾಂತ ಬೇಕಾಗಿಲ್ಲ. ರೇಷ್ಮೆಹುಳುವು ಹಿಪ್ಪನೇರಳೆ ಸೊಪ್ಪನ್ನು ತಿಂದು ಗೂಡು ಕಟ್ಟುವುದು ತನಗಾಗಿಯೇ ಹೊರತು ಮನುಷ್ಯರಿಗಾಗಿ ಅಲ್ಲ. ಗೂಡನ್ನು ಹಾಗೆಯೇ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡನ್ನು ತೂತುಮಾಡಿಕೊಂಡು ಹೊರಬಂದು ನೂಲನ್ನು ಕೆಡಿಸುವುದು. ಆದುದರಿಂದ ಚಿಟ್ಟೆ ಹೊರಬರುವ ಮೊದಲೇ ಗೂಡನ್ನು ಬಿಸಿಗೊಡ್ಡಿ ನೂಲು ಬಿಚ್ಚಬೇಕು. ಆದರೆ ಊರಿನ ಗೂಡುಗಳನ್ನೆಲ್ಲ ಹೀಗೆ ಬಿಚ್ಚಿಬಿಟ್ಟರೆ ಮುಂದಿನ ಬೆಳೆಗೆ ಮೊಟ್ಟೆಯೇ ಇರುವುದಿಲ್ಲ. ಬಿತ್ತನೆ ಗೂಡನ್ನು ಉಳಿಸಲೇಬೇಕು.

ಬ್ಯಾಕ್ಟೀರಿಯದ ವಿಷಯವೂ ಹಾಗೆಯೇ. ಅದು ಮೇದಾಮ್ಲದ ಸರಪಣಿಯನ್ನು ನೂಲುವುದು ತನ್ನ ಪೊರೆಗಾಗಿ. ಪೊರೆಗೆ ಸಾಕಾದಷ್ಟು ಸಿದ್ಧವಾದೊಡನೆ, ಕಣಜ ತುಂಬಿದ ರೈತನು ಬಿತ್ತನೆಯನ್ನು ತಗ್ಗಿಸುವಂತೆ, ಉಳಿದ ಸರಪಣಿಗಳೇ ನಿರ್ಮಾಣದ ಕಿಣ್ವಗಳನ್ನು ತಡೆದು ಕೆಲಸವನ್ನು ನಿಲ್ಲಿಸುವುವು. ಬಿಡಿಯಾದ ಮೇದಾಮ್ಲವೇನಾದರೂ ಸಿಕ್ಕಿದರೆ ಬ್ಯಾಕ್ಟೀರಿಯವು ಅದನ್ನು ಮರಳಿ ಒಡೆದು ಉರಿಸಿ ಶಕ್ತಿಯಾಗಿ ಬಳಸಿಕೊಳ್ಳುವುದು. ಆದುದರಿಂದ ವಿಜ್ಞಾನಿಗಳು ಮೂರು ಕೆಲಸಗಳನ್ನು ಸಾಧಿಸಬೇಕಾಯಿತು. ಸರಪಣಿಯನ್ನು ಬೇಕಾದ ಉದ್ದಕ್ಕೆ ವಾಹಕದಿಂದ ಕತ್ತರಿಸಿ ಹೊರತೆಗೆಯುವುದು ಮೊದಲನೆಯದು. ಕತ್ತರಿಸಿದುದನ್ನು ಬ್ಯಾಕ್ಟೀರಿಯವು ಮರಳಿ ಉರಿಸದಂತೆ ಆ ದಾರಿಯನ್ನು ಮುಚ್ಚುವುದು ಎರಡನೆಯದು. ಪೊರೆಗೆ ಬೇಕಾದಷ್ಟನ್ನು ಅದಕ್ಕೆ ಉಳಿಸಿಕೊಡುವುದು ಮೂರನೆಯದು. ಈ ಮೂರರಲ್ಲಿ ಕೊನೆಯದೇ ಇಂದಿಗೂ ಕಠಿನವಾಗಿರುವುದು.

1994ನೆಯ ಇಸವಿಯ ಪ್ರಯೋಗ

ಅಮೆರಿಕ ದೇಶದ ಕ್ಯಾಲಿಫೋರ್ನಿಯದಲ್ಲಿ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಒಂದು ಬೇ ಮರವುಂಟು. ಅದರ ಬೀಜದ ಎಣ್ಣೆಯಲ್ಲಿ, ತೆಂಗಿನಂತೆಯೇ, ಲಾರಿಕ್ ಆಮ್ಲವು ಹೇರಳವಾಗಿದೆ. ಸರಪಣಿಯು 12 ಇಂಗಾಲಗಳಿಗೆ ಮುಟ್ಟಿದೊಡನೆ ಅದನ್ನು ಕತ್ತರಿಸಿಬಿಡುವ ಒಂದು ಕಿಣ್ವವು ಆ ಬೀಜದಲ್ಲಿರುವುದೇ ಇದಕ್ಕೆ ಕಾರಣ. ಕ್ಯಾಲ್ಜೀನ್ ಎಂಬ ಕಂಪನಿಯ ವಿಜ್ಞಾನಿಗಳಾದ ವೋಲ್ಕರ್ ಮತ್ತು ಡೇವೀಸ್ ಎಂಬವರು ಈ ಕತ್ತರಿ ಕಿಣ್ವದ ವಂಶವಾಹಿಯನ್ನು ಬ್ಯಾಕ್ಟೀರಿಯಕ್ಕೆ ಸೇರಿಸಿ, ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು.

ಕತ್ತರಿಯೊಂದನ್ನೇ ಸೇರಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಬ್ಯಾಕ್ಟೀರಿಯವು ಕತ್ತರಿಸಿದ ಆಮ್ಲವನ್ನು ಮರಳಿ ಉರಿಸುತ್ತಿದ್ದಿತು. ಮೇದಾಮ್ಲವನ್ನು ಒಡೆಯಲಾರದ ಜಾತಿಯ ಬ್ಯಾಕ್ಟೀರಿಯಕ್ಕೆ ಅದೇ ಕತ್ತರಿಯನ್ನು ಸೇರಿಸಿದಾಗ ಮೇದಾಮ್ಲದ ಒಟ್ಟು ಉತ್ಪತ್ತಿಯು ನಾಲ್ಕು ಪಟ್ಟಾಯಿತು. ಸಾಧಾರಣವಾಗಿ ಅತ್ಯಲ್ಪವಾಗಿರುವ ಲಾರಿಕ್ ಆಮ್ಲವೇ ಪ್ರಧಾನವಾಗಿ ನಿಂತಿತು. ಅದು ಕೋಶದಿಂದ ಹೊರಕ್ಕೆ ಒಸರಿ, ಬ್ಯಾಕ್ಟೀರಿಯಗಳ ಒಟ್ಟು ಒಣತೂಕಕ್ಕೆ ಸಮಾನವಾಗುವಷ್ಟು ಶೇಖರವಾಯಿತು. ಬೆಳೆವಣಿಗೆ ನಿಂತ ಮೇಲೂ ಉತ್ಪತ್ತಿಯು ನಿಲ್ಲಲಿಲ್ಲ. ಆದರೆ ಇದರ ಜತೆಯಲ್ಲಿಯೇ ಮತ್ತೊಂದು ಸಂಗತಿಯೂ ಕಂಡುಬಂದಿತು. ಸರಪಣಿಗಳೆಲ್ಲ ಕತ್ತರಿಗೆ ಹೋದುದರಿಂದ ಪೊರೆಗೆ ತಕ್ಕ ಜಿಡ್ಡಿಲ್ಲದೆ ಅದರ ರಚನೆಯೇ ಬದಲಾಗಿಹೋಯಿತು. ಬಿತ್ತನೆ ಗೂಡನ್ನೂ ಬಿಚ್ಚಿದಂತಾಯಿತೆಂದು ಹೇಳಬಹುದು.

ಈ ತೊಂದರೆಯನ್ನು ತಗ್ಗಿಸಲು ಈಗ ಅನುಸರಿಸುವ ಕ್ರಮವೆಂದರೆ, ಬ್ಯಾಕ್ಟೀರಿಯಗಳು ಮೊದಲು ನಿರಾತಂಕವಾಗಿ ಬೆಳೆದು ಸಂಖ್ಯೆಯಲ್ಲಿ ಹೆಚ್ಚಲು ಬಿಟ್ಟು, ಅನಂತರವೇ ಕತ್ತರಿಯ ವಂಶವಾಹಿಯನ್ನು ಒಂದು ಸೂಚಕ ಪದಾರ್ಥದಿಂದ ಎಚ್ಚರಿಸುವುದು. ಹುಳುವು ಹಣ್ಣಾದ ಮೇಲೆಯೇ ಚಂದ್ರಿಕೆಗೆ ಬಿಡುವಂತೆ ಇದೂ ಹೊತ್ತು ನೋಡಿ ಮಾಡುವ ಕೆಲಸ.

ಬೆಂಗಳೂರು ಮತ್ತು ಮೈಸೂರುಗಳ ಸೇವೆ

ಈ ವಿದ್ಯೆಯ ತಳಹದಿಗೆ ಕನ್ನಡ ನಾಡಿನ ಸಂಸ್ಥೆಗಳ ಸೇವೆಯೂ ಸಂದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯ ಅವರು, ಮಲೇರಿಯದ ಜೀವಿಯು ಬ್ಯಾಕ್ಟೀರಿಯದ ಮಾದರಿಯಲ್ಲಿಯೇ ಮೇದಾಮ್ಲವನ್ನು ನಿರ್ಮಿಸಿಕೊಳ್ಳುವುದೆಂದೂ, ಮೇಲೆ ಹೇಳಿದ ನಾಲ್ಕು ಕಿಣ್ವಗಳ ಪೈಕಿ ಕೊನೆಯದನ್ನು ಟ್ರೈಕ್ಲೋಸಾನ್ ಎಂಬ ಔಷಧಿಯಿಂದ ತಡೆದರೆ ಆ ಜೀವಿಯು ಸಾಯುವುದೆಂದೂ 2001ರಲ್ಲಿ ವರದಿ ಮಾಡಿದರು. ಒಂದೇ ಕಿಣ್ವವನ್ನು ತಡೆದು ಜೀವಿಯನ್ನು ಕೊಲ್ಲಬಹುದಾದರೆ, ಅದೇ ಸಾಲಿನ ಕಿಣ್ವಗಳನ್ನು ಹುರಿದುಂಬಿಸಿ ಜೀವಿಯಿಂದ ಕೆಲಸವನ್ನೂ ತೆಗೆಯಬಹುದು. ಒಂದೇ ಜ್ಞಾನದ ಎರಡು ಮುಖಗಳಿವು.

ಅದೇ 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್ ರಾಜಶೇಖರನ್ ಅವರ ತಂಡವು, ಜಿಡ್ಡನ್ನು ಹೇರಳವಾಗಿ ಕೂಡಿಡುವ ಒಂದು ಬಗೆಯ ಯೀಸ್ಟಿನಲ್ಲಿ ಎಣ್ಣೆಯನ್ನು ನಿರ್ಮಿಸುವ ಕಿಣ್ವಗಳು ಒಂದು ಕೂಟವಾಗಿ ಸೇರಿ ಕೆಲಸ ಮಾಡುವುವೆಂದು ಪ್ರಕಟಿಸಿತು. ಮುಂದೆ ಅವರು 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ನಿರ್ದೇಶಕರಾಗಿದ್ದಾಗ, ಆ ಸಂಸ್ಥೆಯು ಮೈಸೂರು ಸುತ್ತಲಿನ ರೈತರಲ್ಲಿ ಚಿಯಾ ಬೆಳೆಯನ್ನು ಪ್ರಚಾರಕ್ಕೆ ತಂದಿತು. ಚಿಯಾ ಬೀಜದ ಎಣ್ಣೆಯಲ್ಲಿ ಸುಮಾರು ನೂರಕ್ಕೆ ಅರವತ್ತರಷ್ಟು ಒಮೆಗಾ-3 ವರ್ಗದ ಮೇದಾಮ್ಲವಿರುವುದು. ಬೇಕಾದ ಮೇದಾಮ್ಲವನ್ನು ಕೊಪ್ಪರಿಗೆಯಲ್ಲಿ ಪಡೆಯುವ ಮಾರ್ಗವಿರುವಂತೆಯೇ ತಕ್ಕ ಬೆಳೆಯನ್ನು ಆರಿಸಿ ಹೊಲದಲ್ಲಿಯೇ ಪಡೆಯುವ ಮಾರ್ಗವೂ ಇದೆಯೆಂಬುದಕ್ಕೆ ಇದು ನಿದರ್ಶನ.

ಸಕ್ಕರೆಗೂ ಜಿಡ್ಡಿಗೂ ಇರುವ ಲೆಕ್ಕ

ಈಗ ಮುಖ್ಯವಾದ ಲೆಕ್ಕಕ್ಕೆ ಬರಬಹುದು. ಬ್ಯಾಕ್ಟೀರಿಯವು ಶೂನ್ಯದಿಂದ ಎಣ್ಣೆಯನ್ನು ಸೃಷ್ಟಿಸುವುದಿಲ್ಲ. ಅದಕ್ಕೆ ಸಕ್ಕರೆಯನ್ನು ಉಣಿಸಬೇಕು. 16 ಇಂಗಾಲಗಳ ಪಾಮಿಟಿಕ್ ಆಮ್ಲದ ಒಂದು ಅಣುವಿಗೆ ಗ್ಲೂಕೋಸ್ ಸಕ್ಕರೆಯ ನಾಲ್ಕು ಅಣುಗಳು ಬೇಕು. ನಾಲ್ಕು ಅಣು ಗ್ಲೂಕೋಸಿನ ತೂಕ 720 ಆದರೆ ಒಂದು ಅಣು ಪಾಮಿಟಿಕ್ ಆಮ್ಲದ ತೂಕ 256. ಎಂದರೆ 100 ಕಿಲೋ ಸಕ್ಕರೆಯಿಂದ, ಒಂದು ಕಣವೂ ವ್ಯರ್ಥವಾಗದಿದ್ದರೂ, ದೊರೆಯುವುದು ಸುಮಾರು 36 ಕಿಲೋ ಮಾತ್ರ. ಉಳಿದುದು ಇಂಗಾಲಾಮ್ಲ ಅನಿಲವಾಗಿಯೂ ನೀರಾಗಿಯೂ ಹೋಗುವುದು. ಇದು ರಸಾಯನಶಾಸ್ತ್ರದ ನಿಯಮವಾದುದರಿಂದ ಯಾವ ಜಾಣ್ಮೆಯೂ ಇದನ್ನು ಬಹಳವಾಗಿ ಮೀರಲಾರದು. ಬ್ಯಾಕ್ಟೀರಿಯವು ತಾನು ಬದುಕಿ ಬೆಳೆಯುವುದಕ್ಕೂ ಸಕ್ಕರೆಯನ್ನು ತಿನ್ನುವುದರಿಂದ ನಿಜವಾದ ಇಳುವರಿಯು ಇದಕ್ಕಿಂತಲೂ ಕಡಮೆ.

ಇದನ್ನೇ ಕಬ್ಬಿನ ಲೆಕ್ಕದಲ್ಲಿ ಹೇಳಬಹುದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಸಕ್ಕರೆ ಬರುವುದು. ಆ ಸಕ್ಕರೆಯನ್ನೆಲ್ಲ ಬ್ಯಾಕ್ಟೀರಿಯಕ್ಕೆ ಉಣಿಸಿದರೆ ಹೆಚ್ಚೆಂದರೆ ಸುಮಾರು 36 ಕಿಲೋ ಮೇದಾಮ್ಲ ದೊರೆಯುವುದು. ಆದುದರಿಂದ ಸಕ್ಕರೆಗೆ ಕೊಟ್ಟ ಹಣವಷ್ಟೇ ಮರಳಬೇಕಾದರೂ ಮೇದಾಮ್ಲವು ಸಕ್ಕರೆಯ ಬೆಲೆಯ ಸುಮಾರು 2.8 ಪಟ್ಟಿಗೆ ಮಾರಾಟವಾಗಬೇಕು. ಕೊಪ್ಪರಿಗೆ, ವಿದ್ಯುಚ್ಛಕ್ತಿ, ಕೂಲಿ, ಶುದ್ಧೀಕರಣ ಇವುಗಳ ಖರ್ಚು ಇನ್ನೂ ಬೇರೆ. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯದ ವಂಶವಾಹಿಗಳನ್ನು ಹಲವು ರೀತಿ ಹೊಂದಿಸಿ, ಒಂದು ಲೀಟರ್ ದ್ರವದಲ್ಲಿ 8.6 ಗ್ರಾಂ ಮೇದಾಮ್ಲವನ್ನು ಪಡೆದುದಾಗಿ ವರದಿ ಮಾಡಿದರು. ಪ್ರಯೋಗಶಾಲೆಯ ಮಟ್ಟಿಗೆ ಇದು ದೊಡ್ಡ ಸಾಧನೆ. ಆದರೆ ಈ ಪ್ರಮಾಣದಲ್ಲಿ 36 ಕಿಲೋ ಪಡೆಯಬೇಕಾದರೆ ಸುಮಾರು 4,200 ಲೀಟರ್ ದ್ರವವನ್ನು ಕಾಯಿಸಿ ಶುದ್ಧಮಾಡಿ, ತಣಿಸಿ, ಗಾಳಿಯೂದಿ, ಕಲಕಿ, ಕೊನೆಗೆ ನೀರಿನಿಂದ ಜಿಡ್ಡನ್ನು ಬೇರ್ಪಡಿಸಬೇಕಾಗುವುದು.

ಹೊಲದ ಗಿಡವೂ ಸಕ್ಕರೆಯಿಂದಲೇ ಎಣ್ಣೆಯನ್ನು ಮಾಡುವುದು ನಿಜ. ಈ ಮಾರ್ಗದಲ್ಲಿ ಅದಕ್ಕೂ ನಷ್ಟವುಂಟು. ಆದರೆ ಆ ನಷ್ಟವನ್ನು ತೆರುವವನು ಸೂರ್ಯನೇ ಹೊರತು ರೈತನಲ್ಲ. ಬೀಜದಲ್ಲಿ ಎಣ್ಣೆಯು ಒಣಗಿ ಕೂಡಿಟ್ಟಂತೆ ಬರುವುದು. ಸುಲಿದ ಕಡಲೆಕಾಯಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆಯಿರುವುದು. ಒಣಕೊಬ್ಬರಿಯಲ್ಲಿ ಅದಕ್ಕಿಂತಲೂ ಹೆಚ್ಚು.

ಯಾವ ಬೆಳೆಗೆ ಪೈಪೋಟಿ?

ಮೇಲಿನ ಲೆಕ್ಕದಿಂದ ತಿಳಿಯುವ ಮೊದಲನೆಯ ವಿಷಯವೆಂದರೆ, ಅಡಿಗೆಗೆ ಬಳಸುವ ಸಾಮಾನ್ಯ ಎಣ್ಣೆಗಳಿಗೆ ಬ್ಯಾಕ್ಟೀರಿಯದಿಂದ ಸದ್ಯದಲ್ಲಿ ಭಯವಿಲ್ಲ. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳುಗಳನ್ನು ಜನರು ಕೊಳ್ಳುವುದು ಅವುಗಳ ರುಚಿಗೂ ಪರಿಮಳಕ್ಕೂ ಸಹ. ಎಣ್ಣೆ ತೆಗೆದ ಮೇಲೆ ದನಗಳಿಗೆ ಹಿಂಡಿಯೂ ಉಳಿಯುವುದು. ಕೊಪ್ಪರಿಗೆಯ ಮೇದಾಮ್ಲಕ್ಕೆ ಈ ಗುಣಗಳಿಲ್ಲ.

ಎರಡನೆಯದಾಗಿ, ತೆಂಗಿನ ಲಾರಿಕ್ ಆಮ್ಲವನ್ನು ವಿಚಾರಿಸಬೇಕು. ಇದು ಸಾಬೂನಿಗೂ ಅದರ ಬಳಗದ ಪದಾರ್ಥಗಳಿಗೂ ಬಹಳ ಬೇಕಾದುದರಿಂದ ಪೈಪೋಟಿಯ ಪ್ರಯತ್ನಗಳೂ ಇದರಲ್ಲಿಯೇ ಮೊದಲಾದುವು. ಬೇ ಮರದ ಅದೇ ವಂಶವಾಹಿಯನ್ನು ಕ್ಯಾಲ್ಜೀನ್ ಕಂಪನಿಯು ಸಾಸಿವೆಯ ಬಳಗದ ಕ್ಯಾನೋಲ ಗಿಡಕ್ಕೂ ಸೇರಿಸಿ, 1995ರಲ್ಲಿ ಲಾರಿಕ್ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಆದರೆ ತೆಂಗು ಮತ್ತು ತಾಳೆಬೀಜಗಳ ಎಣ್ಣೆಗಳೆದುರು ಅದು ಬೇರೂರಲಿಲ್ಲ. ತಂತ್ರವು ಸಿದ್ಧಿಸಿದ ಮಾತ್ರಕ್ಕೆ ವ್ಯಾಪಾರವು ಸಿದ್ಧಿಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಹಾಗೆಂದು ಉದಾಸೀನವೂ ಸಲ್ಲದು. ಕೊಪ್ಪರಿಗೆಯ ಇಳುವರಿ ಹೆಚ್ಚಿ ಸಕ್ಕರೆಯ ಬೆಲೆ ತಗ್ಗಿದರೆ ಮೊದಲು ಪೈಪೋಟಿ ತಟ್ಟುವುದು ಕೈಗಾರಿಕೆಗೆ ಹೋಗುವ ಕೊಬ್ಬರಿ ಎಣ್ಣೆಗೇ.

ಮೂರನೆಯದಾಗಿ ಹರಳು. ಹರಳಿನ ಬೀಜವು ಓಲಿಯಿಕ್ ಆಮ್ಲವನ್ನು ಕೋಶದೊಳಗಣ ಒಂದು ವಿಶೇಷ ಪೊರೆಯ ಮೇಲೆ ಕೂರಿಸಿ, ಅಲ್ಲಿಯೇ ಅದನ್ನು ರಿಸಿನೋಲಿಯಿಕ್ ಆಮ್ಲವಾಗಿ ಮಾರ್ಪಡಿಸುವುದು. ಎಷರಿಷಿಯ ಕೋಲಿಯಂಥ ಸರಳ ಜೀವಿಯಲ್ಲಿ ಆ ಒಳಪೊರೆಯಾಗಲಿ, ಆಮ್ಲವು ಅಂಟಿ ಕೂರಲು ಬೇಕಾದ ಜಿಡ್ಡಿನ ಪೀಠವಾಗಲಿ ಇಲ್ಲ. ಆದುದರಿಂದ ಹರಳಿನ ವಂಶವಾಹಿಯನ್ನು ಸೇರಿಸಿದೊಡನೆ ಬ್ಯಾಕ್ಟೀರಿಯವು ಹರಳೆಣ್ಣೆಯ ಆಮ್ಲವನ್ನು ಕೊಡುವುದೆಂದು ನಿರೀಕ್ಷಿಸಲಾಗದು. ಲೋಕಕ್ಕೆ ಬೇಕಾದ ಹರಳೆಣ್ಣೆಯ ಬಹುಭಾಗವನ್ನು ಒದಗಿಸುವುದು ಭಾರತ ದೇಶವೇ. ಹೊಲದ ಬದುವಿನ ಮೇಲೆ ಹಾಕಿದ ಹರಳಿನ ಸಾಲು ಅಲ್ಪವೆಂದು ತೋರಿದರೂ, ಅದರ ಕಸುಬನ್ನು ಕಸಿದುಕೊಳ್ಳುವುದು ಸುಲಭವಾಗಿಲ್ಲ.

ನಾಲ್ಕನೆಯದಾಗಿ, ಯಾವ ಹೊಲದಲ್ಲಿಯೂ ಬೆಳೆಯದ ಅಪೂರ್ವ ಮೇದಾಮ್ಲಗಳು. ಸೂಕ್ಷ್ಮಜೀವಿಗಳಿಗೆ ನಿಜವಾದ ಕೆಲಸವಿರುವುದು ಇಲ್ಲಿಯೇ. ಸಮುದ್ರದ ಮೀನಿನ ಕರುಳಿನಿಂದ ದೊರೆತ ಶೆವನೆಲ್ಲ ಎಂಬ ಬ್ಯಾಕ್ಟೀರಿಯದ ವಂಶವಾಹಿಗಳನ್ನು ಎಷರಿಷಿಯ ಕೋಲಿಗೆ ಸೇರಿಸಿ, ಮೀನೆಣ್ಣೆಯಲ್ಲಿರುವ ಇ.ಪಿ.ಎ. ಎಂಬ ಒಮೆಗಾ-3 ಮೇದಾಮ್ಲವನ್ನು ಪಡೆಯಬಹುದೆಂದು ಜಪಾನಿನ ವಿಜ್ಞಾನಿಗಳು 1996ರಲ್ಲಿ ತೋರಿಸಿದರು. ತರುವಾಯ ಅಮೆರಿಕದ ಡ್ಯುಪಾಂಟ್ ಕಂಪನಿಯು ಒಂದು ಯೀಸ್ಟನ್ನು ಹೀಗೆ ಮಾರ್ಪಡಿಸಿ, ಅದರ ಮೇದಾಮ್ಲಗಳಲ್ಲಿ ಅರ್ಧಕ್ಕೂ ಹೆಚ್ಚು ಇ.ಪಿ.ಎ. ಇರುವಂತೆ ಮಾಡಿದುದನ್ನು 2013ರಲ್ಲಿ ಪ್ರಕಟಿಸಿತು. ಇಂಥ ಪದಾರ್ಥಗಳಿಗೆ ಸಕ್ಕರೆಯ ಹಲವು ಪಟ್ಟು ಬೆಲೆ ಬರುವುದರಿಂದ ಮೂರು ಪಾಲಿನಲ್ಲಿ ಎರಡು ಪಾಲು ಕಳೆದರೂ ಲೆಕ್ಕವು ಕೂಡಿಬರುವುದು. ಸಮುದ್ರದ ಮೀನಿನ ಮೇಲಿನ ಹೊರೆಯೂ ತಗ್ಗುವುದು.

ಹುಲ್ಲು, ತರಗು, ಕಾಕಂಬಿ

ಸಕ್ಕರೆಗೇ ಬೆಲೆ ಹೆಚ್ಚಾದುದರಿಂದ ಅದಕ್ಕಿಂತ ಅಗ್ಗವಾದ ಆಹಾರವನ್ನು ಬ್ಯಾಕ್ಟೀರಿಯಕ್ಕೆ ಹುಡುಕಲಾಗುತ್ತಿದೆ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯು ಒಂದು. ಕಬ್ಬಿನ ಸಿಪ್ಪೆ, ತರಗು, ಭತ್ತದ ಹುಲ್ಲು ಇವು ಮತ್ತೊಂದು ಬಗೆ. ಇವುಗಳ ನಾರಿನಲ್ಲಿ ಸಕ್ಕರೆಯು ಅಡಗಿರುವುದಾದರೂ, ಅದನ್ನು ಬಿಡಿಸುವುದು ಶ್ರಮದ ಕೆಲಸ. 2010ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು, ನಾರಿನ ಒಂದು ಭಾಗವನ್ನು ತಾನೇ ಒಡೆದುಕೊಂಡು ಮೇದಾಮ್ಲದ ವರ್ಗದ ಇಂಧನವನ್ನು ಕೊಡಬಲ್ಲ ಬ್ಯಾಕ್ಟೀರಿಯವನ್ನು ಸಿದ್ಧಪಡಿಸಿದುದಾಗಿ ಪ್ರಕಟಿಸಿದರು. ಈ ಮಾರ್ಗವು ಮುಂದೆ ಕೈಗೂಡಿದರೆ ಭತ್ತ ಕಬ್ಬುಗಳ ಸೀಮೆಗಳಿಗೆ ಅದರಲ್ಲಿ ಪಾಲಿರುವುದು ಖಂಡಿತ.

ಆದರೆ ಇಲ್ಲಿಯೂ ಕೂಡುಕಳೆಯುವ ಲೆಕ್ಕವನ್ನು ಮರೆಯಬಾರದು. ನಗರದ ಗ್ರಂಥಗಳಲ್ಲಿ ತ್ಯಾಜ್ಯವೆಂದು ಹೇಳುವ ಭತ್ತದ ಹುಲ್ಲು ಹಳ್ಳಿಯಲ್ಲಿ ತ್ಯಾಜ್ಯವಲ್ಲ. ಅದು ದನಕರುಗಳ ಮೇವು. ಕಬ್ಬಿನ ತರಗನ್ನು ಸಾಲಿನ ನಡುವೆ ಹೊದಿಸಿದರೆ ತೇವ ನಿಲ್ಲುವುದು, ಕೊಳೆತರೆ ಗೊಬ್ಬರವಾಗುವುದು. ಹುಲ್ಲಿನೊಡನೆ ನೆಲದ ಪೊಟ್ಯಾಷೂ ಹೊರಟುಹೋಗುವುದು. ಆದುದರಿಂದ ಮುಂದೆ ಯಾವ ಕಾರ್ಖಾನೆಯವರು ಹುಲ್ಲು ತರಗುಗಳನ್ನು ಕೇಳಿಬಂದರೂ, ಮೇವಿನ ಬೆಲೆ, ಗೊಬ್ಬರದ ಬೆಲೆ, ಸಾಗಿಸುವ ಕೂಲಿ ಈ ಮೂರನ್ನೂ ಸೇರಿಸಿ ಕ್ರಯವನ್ನು ನಿಶ್ಚಯಿಸತಕ್ಕದ್ದು. ಬೆಂಕಿಯಿಟ್ಟು ಸುಡುವ ತರಗಿನ ವಿಷಯದಲ್ಲಿ ಮಾತ್ರ ಕೊಟ್ಟಷ್ಟೂ ಲಾಭವೇ.

ಈ ಸೀಮೆಯಲ್ಲಿ ವಂಶವಾಹಿ ತಂತ್ರವಿಲ್ಲದೆಯೇ ದೊರೆಯುವ ಒಂದು ಜಿಡ್ಡನ್ನೂ ಇಲ್ಲಿ ಹೇಳುವುದು ಉಚಿತ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಹುಳುವನ್ನು ಒಣಗಿಸಿದರೆ ಅದರ ತೂಕದಲ್ಲಿ ಸುಮಾರು ಕಾಲು ಭಾಗ ಜಿಡ್ಡಿರುವುದು. ಆ ಜಿಡ್ಡಿನಲ್ಲಿ ಚಿಯಾ ಬೀಜದಲ್ಲಿರುವ ಒಮೆಗಾ-3 ಮೇದಾಮ್ಲವೇ ಗಣನೀಯವಾಗಿ ದೊರೆಯುವುದು. ದೃಷ್ಟಾಂತಕ್ಕೆಂದು ಮೇಲೆ ತೆಗೆದುಕೊಂಡ ಗೂಡಿನಲ್ಲಿಯೇ ಪ್ರಕೃತ ಪದಾರ್ಥವೂ ಅಡಗಿರುವುದು ವಿಶೇಷ.

ಎಚ್ಚರಿಕೆಯ ಮಾತು

ವಂಶವಾಹಿಯನ್ನು ಮಾರ್ಪಡಿಸಿದ ಬ್ಯಾಕ್ಟೀರಿಯಗಳನ್ನು ಮನಬಂದಂತೆ ಬಳಸಲು ಅವಕಾಶವಿಲ್ಲ. 1986ನೆಯ ಇಸವಿಯ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ 1989ರಲ್ಲಿ ಹೊರಟ ನಿಯಮಗಳು ಇವುಗಳ ತಯಾರಿಕೆ, ಶೇಖರಣೆ, ಆಮದು, ಬಳಕೆ ಎಲ್ಲಕ್ಕೂ ಅನ್ವಯಿಸುವುವು. ಮುಚ್ಚಿದ ಕೊಪ್ಪರಿಗೆಗಳಲ್ಲಿ ಬೆಳೆಸಿ, ಕೆಲಸ ಮುಗಿದ ಮೇಲೆ ಬಿಸಿಯಿಂದಲೋ ಔಷಧಿಯಿಂದಲೋ ಕೊಂದು, ಅನಂತರವೇ ಹೊರಚೆಲ್ಲುವುದು ಸರಿಯಾದ ಕ್ರಮ. ಬೇರುಗಂಟಿನ ರೈಜೋಬಿಯಂ, ಅಜೋಸ್ಪಿರಿಲಂ ಮೊದಲಾದ ಜೀವಾಣು ಗೊಬ್ಬರಗಳನ್ನು ಬೀಜಕ್ಕೆ ಲೇಪಿಸುವ ಪದ್ಧತಿಗೂ ಈ ತಂತ್ರಕ್ಕೂ ಸಂಬಂಧವಿಲ್ಲವೆಂದು ರೈತರು ತಿಳಿಯಬೇಕು. ಮೇದಾಮ್ಲದ ಬ್ಯಾಕ್ಟೀರಿಯಕ್ಕೆ ಹೊಲದಲ್ಲಿ ಕೆಲಸವೇ ಇಲ್ಲ. ಎಣ್ಣೆಯ ಇಳುವರಿಯನ್ನು ಹೆಚ್ಚಿಸುವ ಬ್ಯಾಕ್ಟೀರಿಯವೆಂದು ಹೇಳಿಕೊಂಡು ಯಾರಾದರೂ ಪುಡಿಯ ಪೊಟ್ಟಣಗಳನ್ನು ಮಾರಲು ಬಂದರೆ, ಕೊಳ್ಳುವ ಮೊದಲು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಮೇಲು.

ಉಪಸಂಹಾರ

ಒಟ್ಟಿನಲ್ಲಿ ನೋಡಿದರೆ, ಬ್ಯಾಕ್ಟೀರಿಯವು ಗಾಣದ ಶತ್ರುವೂ ಅಲ್ಲ, ಕಾಮಧೇನುವೂ ಅಲ್ಲ. ಅದು ಸಕ್ಕರೆ ತಿಂದು ಜಿಡ್ಡು ಕೊಡುವ ಒಂದು ಸಣ್ಣ ಸಾಕುಪ್ರಾಣಿ. ಮೂರು ತಿಂದು ಒಂದು ಕೊಡುವುದು. ಆ ಒಂದರ ಬೆಲೆಯು ಮೂರರ ಬೆಲೆಯನ್ನು ಮೀರುವಲ್ಲಿ ಮಾತ್ರ ಅದರ ಸಾಕಣೆ ಲಾಭದಾಯಕವಾಗುವುದು. ಸಾಮಾನ್ಯ ಎಣ್ಣೆಯನ್ನು ಹೊಲಕ್ಕೂ ಬಿಸಿಲಿಗೂ ಬಿಟ್ಟು, ಅಪೂರ್ವವಾದುದನ್ನು ಕೊಪ್ಪರಿಗೆಗೆ ಒಪ್ಪಿಸುವುದು ಈ ಲೆಕ್ಕದಿಂದ ಹೊರಡುವ ತೀರ್ಮಾನ. ಮುಳ್ಳೂರಿನಂಥ ಗ್ರಾಮದ ಬೇಸಾಯಗಾರನು ಸದ್ಯಕ್ಕೆ ಮಾಡಬೇಕಾದುದು ಇಷ್ಟೇ: ಬದುವಿನ ಹರಳನ್ನು ಕೀಳದಿರುವುದು, ತರಗಿಗೆ ಬೆಂಕಿಯಿಡದಿರುವುದು, ಹುಲ್ಲಿನ ಬೆಲೆಯನ್ನು ತಾನೇ ಮೊದಲು ತಿಳಿದಿರುವುದು. ಕಾರ್ಖಾನೆಯ ಕೊಪ್ಪರಿಗೆ ಎಷ್ಟೇ ದೊಡ್ಡದಾದರೂ ಅದರ ಬ್ಯಾಕ್ಟೀರಿಯದ ತುತ್ತು ಬರಬೇಕಾದುದು ಹೊಲದಿಂದಲೇ.